ಕೆಳ ಹಂತದ ಫುಟ್‌ಬಾಲ್ ಆಟಗಾರನೊಬ್ಬ ದೊಡ್ಡ ಕ್ಲಬ್ಬಿನ ಕ್ರೀಡಾ ನಿರ್ದೇಶಕನಾಗಿ ಯಶಸ್ವಿಯಾಗಲು ಸಾಧ್ಯವೇ?

ಸಾಧ್ಯ, ಜರ್ಮನಿಯ ರಾಲ್ಫ್ ರಾಂಗ್ನಿಕ್ ಅದಕ್ಕೆ ಒಳ್ಳೆಯ ನಿದರ್ಶನ. ಅವರು ಸ್ಟುಟ್‌ಗಾರ್ಟ್‌ನ ಹವ್ಯಾಸಿ ತಂಡ, ಉಲ್ಮ್ ಮುಂತಾದೆಡೆ ಆಡಿದರೇ ಹೊರತು ಜರ್ಮನಿಯ ಮೊದಲ ದರ್ಜೆಯ ಲೀಗ್ ಆದ ಬುಂಡೆಸ್‌ಲಿಗಾದಲ್ಲಿ ಆಟಗಾರರಾಗಿ ಒಂದು ಪಂದ್ಯವನ್ನೂ ಆಡಲಿಲ್ಲ. ಹಲವು ವರ್ಷ ತರಬೇತುದಾರರಾಗಿದ್ದ ಬಳಿಕ, 2012ರಲ್ಲಿ ಆಸ್ಟ್ರಿಯಾದ ಸಾಲ್ಸ್‌ಬರ್ಗ್ ಮತ್ತು ಜರ್ಮನಿಯ ಲೈಪ್‌ಝಿಗ್ ಎಂಬ ಎರಡು ಕ್ಲಬ್ಬುಗಳ ಕ್ರೀಡಾ ನಿರ್ದೇಶಕರ ಹೊಣೆಯನ್ನು ಏಕಕಾಲದಲ್ಲಿ ವಹಿಸಿಕೊಂಡರು.

ಪಂದ್ಯದ ದಿನ ಹನ್ನೊಂದು ಮಂದಿಯನ್ನು ಆರಿಸುವುದು ತರಬೇತುದಾರನ ಕೆಲಸವಾದರೆ, ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು, ಕ್ಲಬ್ಬಿನ ಎಲ್ಲ ವಯೋಮಾನದ ತಂಡಗಳೂ ಯಾವ ಶೈಲಿಯಲ್ಲಿ ಆಡಬೇಕು ಎಂಬುದನ್ನು ವರ್ಷಗಳ ಮುನ್ನೋಟದೊಂದಿಗೆ ನಿರ್ಧರಿಸುವುದು ಕ್ರೀಡಾ ನಿರ್ದೇಶಕನ ಕೆಲಸ. ಚೆಂಡು ಕಳೆದುಕೊಂಡ ಕೂಡಲೇ ಎದುರಾಳಿಯ ಮೇಲೆ ಮುಗಿಬಿದ್ದು ಅದನ್ನು ಮರಳಿ ಪಡೆಯುವ ಆಟವನ್ನು ನಂಬಿದ್ದ ರಾಂಗ್ನಿಕ್, ಅದಕ್ಕೆ ಬೇಕಾದ ಓಟ ಮತ್ತು ಕಲಿಯುವ ಹಸಿವುಳ್ಳ ಎಳೆಯರನ್ನೇ ಹುಡುಕಿದರು. ಫ್ರಾನ್ಸಿನ ಮೆಟ್ಸ್ ಕ್ಲಬ್ಬಿನಿಂದ 2012ರಲ್ಲಿ ಸಾಲ್ಸ್‌ಬರ್ಗ್‌ಗೆ ಬಂದ ಸಾದಿಯೊ ಮಾನೆ, 2013ರಲ್ಲಿ ಲೈಪ್‌ಝಿಗ್ ಮೂರನೇ ದರ್ಜೆಯಲ್ಲಿದ್ದಾಗ ಸೇರಿದ ಹದಿನೆಂಟರ ಯೋಶುವಾ ಕಿಮ್ಮಿಖ್ ಇಬ್ಬರೂ ಮುಂದೆ ಖ್ಯಾತ ಆಟಗಾರರಾದರೂ, ಆಗ ಹೆಚ್ಚು ಜನರಿಗೆ ಗೊತ್ತಿರದ ಹೆಸರುಗಳು. ನಾಲ್ಕನೇ ದರ್ಜೆಯಲ್ಲಿದ್ದ ಲೈಪ್‌ಝಿಗ್ 2016ರಲ್ಲಿ ಬುಂಡೆಸ್‌ಲಿಗಾಕ್ಕೆ ಏರಿ, ಮೊದಲ ವರ್ಷವೇ ಎರಡನೇ ಸ್ಥಾನ ಪಡೆಯಿತು.

ಇದರ ಹಿಂದೆ ಪಾನೀಯ ತಯಾರಿಸುವ ರೆಡ್ ಬುಲ್ ಕಂಪನಿಯ ಹಣವಿತ್ತು ಎಂಬುದನ್ನು ಮರೆಯಬಾರದು. ಜರ್ಮನಿಯ ಬಹಳಷ್ಟು ಅಭಿಮಾನಿಗಳು ಲೈಪ್‌ಝಿಗ್ ಕ್ಲಬ್ಬನ್ನು ವಿರೋಧಿಸುವುದೂ ಅದಕ್ಕಾಗಿಯೇ. ಆದರೂ ಹಣವಿದ್ದೂ ಹೆಸರಾಂತ ಹಿರಿಯ ಆಟಗಾರರ ಬೆನ್ನು ಹತ್ತದ ಸಂಯಮ ರಾಂಗ್ನಿಕ್ ಅವರದೇ ಎಂದು ನನ್ನ ಅಭಿಪ್ರಾಯ.