ಭವಿಷ್ಯ ಹೇಳುವವರಲ್ಲಿ ಯಾರನ್ನು ನಂಬೋಣ?

ಚಳ್ಳಕೆರೆಯ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮೂರಿನ ಹತ್ತಿರ ಇಸ್ರೋದ ಪುಷ್ಪಕ್ (ಮತ್ತೆ ಮತ್ತೆ ಬಳಸಲೆಂದು ಪರೀಕ್ಷಿಸುತ್ತಿರುವ ರೆಕ್ಕೆಯ ಬಾಹ್ಯಾಕಾಶ ವಾಹನ) ಪೈಲಟ್ ಇಲ್ಲದೆ ತಾನೇ ತಾನಾಗಿ ರನ್‌ವೇಗೆ ಇಳಿಯಿತು. ಕಥೆಗಾರರು ಇಂಥದ್ದನ್ನೆಲ್ಲ ಎಂದೋ ಬರೆದಿದ್ದರು. ಹಾಗಾದರೆ ತಜ್ಞರಿಗಿಂತ ಅವರೇ ವಾಸಿಯಲ್ಲವೇ?’

ಮಾನ್ಯರೇ, ಯಾರು ಹೇಳಿದರು ಎನ್ನುವುದಕ್ಕಿಂತ ಯಾವ ಆಧಾರದ ಮೇಲೆ ಹೇಳಿದರು ಎಂಬುದನ್ನು ನೋಡಿ. ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿ ಮೂರು ಉಪಗ್ರಹ ಇಟ್ಟರೆ ಜಗತ್ತಿಗೆಲ್ಲ ಪ್ರಸಾರ ಮುಟ್ಟುತ್ತದೆ ಎಂದು ಆರ್ಥರ್ ಸಿ. ಕ್ಲಾರ್ಕ್ 1945ರಲ್ಲಿ ಬರೆದರು. ಅವರು ಕಥೆಗಾರರು ನಿಜ, ಆದರೆ ಅದು ರೇಡಾರ್ ಕೆಲಸ ಬಲ್ಲ ಅಧಿಕಾರಿಯೊಬ್ಬರ ತಾಂತ್ರಿಕ ಲೇಖನ. ಎತ್ತರದ ಲೆಕ್ಕ ನ್ಯೂಟನ್ ನಿಯಮದಿಂದ ಬಂದದ್ದು, ಇವತ್ತಿಗೂ ಅದೇ. ಆದರೆ ಅಲ್ಲಿ ಸಿಬ್ಬಂದಿಗೆ ವಾಸದ ಕೋಣೆಯನ್ನೂ ಊಹಿಸಿದ್ದರು! ಆಗಿನ ರೇಡಿಯೊ ವಾಲ್ವ್‌ಗಳು ಆಗಾಗ ಕೆಡುತ್ತಿದ್ದವು, ಬದಲಿಸಲು ಜನ ಬೇಕಿತ್ತು. ಅವುಗಳ ಜಾಗಕ್ಕೆ ಬಂದ ಪುಟ್ಟ, ಗಟ್ಟಿ ಟ್ರಾನ್ಸಿಸ್ಟರ್ ಹುಟ್ಟಿದ್ದೇ 1947ರಲ್ಲಿ. 1964ರಲ್ಲಿ ಅಮೆರಿಕದ ಸಂಪರ್ಕ ಉಪಗ್ರಹ ಸಿಂಕಾಮ್-3 ಆ ಕಕ್ಷೆ ಸೇರಿದಾಗ ಅದರಲ್ಲಿ ಮನುಷ್ಯರ ಅಗತ್ಯವೇ ಇರಲಿಲ್ಲ.

ಕಥೆಗೆ ತಾರೀಖಿನ ಹಂಗಿಲ್ಲ, ಖರ್ಚಿನ ಹೊಣೆಯೂ ಇಲ್ಲ. ತಜ್ಞರು ಎಡವುವುದು ಅಲ್ಲೇ. ಅಮೆರಿಕದ ಸ್ಪೇಸ್ ಷಟಲ್ ಎರಡೇ ವಾರದಲ್ಲಿ ಮತ್ತೆ ಸಜ್ಜಾಗಿ, ವರ್ಷಕ್ಕೆ ಐವತ್ತು ಸಲ ಹಾರುತ್ತದೆ ಎಂದು 1970ರ ದಶಕದಲ್ಲಿ ಲೆಕ್ಕ ಹಾಕಿದ್ದರು. 30 ವರ್ಷದಲ್ಲಿ ಹಾರಿದ್ದು 135 ಸಲ. ವರ್ಷಕ್ಕೆ ಅತಿ ಹೆಚ್ಚೆಂದರೆ ಒಂಬತ್ತು, ಅದೂ 1985ರಲ್ಲಿ. ಒಂದು ಮುಖ್ಯ ಕಾರಣ ಅದರ ಮೈಮೇಲೆಯೇ ಇತ್ತು. ಬಿಸಿ ತಡೆಯಲು ಅಂಟಿಸಿದ್ದ ಸಿಲಿಕಾ ಬಿಲ್ಲೆಗಳು 24,000ಕ್ಕೂ ಹೆಚ್ಚು. ಬಹುತೇಕ ಒಂದರ ಆಕಾರ ಇನ್ನೊಂದಕ್ಕಿಲ್ಲ. ಇಳಿದಾಗಲೆಲ್ಲ ಅವನ್ನು ಪರೀಕ್ಷಿಸಿ, ಕೆಟ್ಟದ್ದನ್ನು ಕಿತ್ತು, ಅಳತೆಗೆ ಸರಿಯಾದ ಹೊಸದನ್ನು ಕೈಯಿಂದಲೇ ಕೂರಿಸಬೇಕಿತ್ತು.

ಸೋಲಾರ್ ಫಲಕದಲ್ಲಿ ಇದೇ ತಿರುವುಮುರುವು. ಬೆಲೆ ಇಷ್ಟು ಬೇಗ ಇಳಿದೀತೆಂದು ಹೆಚ್ಚಿನ ತಜ್ಞರು ಎಣಿಸಿರಲಿಲ್ಲ. ಒಟ್ಟು ತಯಾರಿಕೆ ದುಪ್ಪಟ್ಟಾದಾಗಲೆಲ್ಲ ಬೆಲೆ ಶೇ 20ರ ಆಸುಪಾಸು ಇಳಿಯುತ್ತ ಬಂತು. ಬಾಹ್ಯಾಕಾಶಕ್ಕೆ ಹೋದ ಷಟಲ್‌ಗಳೋ ಐದೇ ಐದು. ಮಾಡುತ್ತ ಮಾಡುತ್ತ ಅಗ್ಗವಾಗಿಸಲು ಎಡೆಯೇ ಸಿಗಲಿಲ್ಲ.

ಇನ್ನು ಪುಷ್ಪಕ್. 2024ರ ಜೂನ್ ಪರೀಕ್ಷೆಯಲ್ಲಿ ಹೆಲಿಕಾಪ್ಟರ್ ಅದನ್ನು 4.5 ಕಿ.ಮೀ. ಎತ್ತರದಲ್ಲಿ ಬಿಟ್ಟಿತು. ಗಂಟೆಗೆ 320 ಕಿ.ಮೀ. ಮೀರಿದ ವೇಗದಲ್ಲಿ ನೆಲ ಮುಟ್ಟಿ, ಪ್ಯಾರಾಚೂಟ್ ಬಿಚ್ಚಿ ವೇಗ ತಗ್ಗಿಸಿಕೊಂಡಿತು. ಹೆಮ್ಮೆಪಡುವ ಕೆಲಸ. ಆದರೆ ಕಕ್ಷೆಯಿಂದ ಮರಳುವ ವಾಹನದ ವೇಗ ಗಂಟೆಗೆ ಸುಮಾರು 28,000 ಕಿ.ಮೀ.; ಆ ವೇಗದಲ್ಲಿ ವಾತಾವರಣ ಹೊಕ್ಕಾಗ ಏಳುವ ಬಿಸಿಯನ್ನು ತಾಳುವ ಪರೀಕ್ಷೆ ಇದಲ್ಲ. ‘ಇಷ್ಟು ವರ್ಷದೊಳಗೆ ಅಗ್ಗದ ಬಾಹ್ಯಾಕಾಶ ಯಾನ’ ಎಂಬ ಸುದ್ದಿ ಕಂಡರೆ ಕೇಳಿ: ಮಾಡಿ ತೋರಿಸಿದ್ದು ಯಾವ ಹಂತ? ಮತ್ತೆ ಹಾರಿಸಲು ಎಷ್ಟು ದಿನ, ಎಷ್ಟು ಜನ ಬೇಕು? ಇಂಥವು ಎಷ್ಟು ತಯಾರಾಗುತ್ತವೆ? ಎರಡನೆಯದಕ್ಕೆ ಉತ್ತರ ಇಲ್ಲದಿದ್ದರೆ ಅಲ್ಲಿ ಕೊಟ್ಟ ಇಸವಿಯನ್ನು ನಂಬಬೇಡಿ. ಆ ದಿಕ್ಕಿನಲ್ಲಿ ಇಸ್ರೋ ಒಂದು ಹೆಜ್ಜೆಯನ್ನಂತೂ ಇಟ್ಟಿದೆ: ಮಾರ್ಚ್‌ನಲ್ಲಿ ಇಳಿದ ಅದೇ ರೆಕ್ಕೆಯ ವಾಹನವನ್ನು ಏನೂ ಮಾರ್ಪಾಡು ಮಾಡದೆ ಜೂನ್‌ನಲ್ಲಿ ಮತ್ತೆ ಇಳಿಸಿತು.

— ಸಂಪಾದಕ