ಬಾಯಿ ತೆರೆದು ಮಲಗಿದರೆ ವಸಡಿಗೇಕೆ ಪೆಟ್ಟು?

ಪ್ರಶ್ನೆ: ಡಾಕ್ಟರೇ, ನಮ್ಮ ಯಜಮಾನರಿಗೆ 44 ವರ್ಷ. ಆರು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತಾರೆ. ಬೆಳಿಗ್ಗೆ ನಾಲಿಗೆ ಅಂಗುಳಕ್ಕೆ ಅಂಟಿರುತ್ತದೆ. ಎರಡು ಹೊತ್ತು ಹಲ್ಲುಜ್ಜಿದರೂ ಮೇಲಿನ ಮುಂದಿನ ವಸಡು ಕೆಂಪಾಗಿ ರಕ್ತ ಬರುತ್ತದೆ. ಬಾಯಿ ಒಣಗುತ್ತದೆಂದು ಲೋಕಲ್ ಟ್ರೇನಿನಲ್ಲಿ ಪೆಪ್ಪರ್‌ಮಿಂಟ್ ಚೀಪುತ್ತಾರೆ. ಎಂಟು ವರ್ಷದ ಮಗನೂ ಬಾಯಿ ತೆರೆದೇ ಮಲಗುತ್ತಾನೆ. ಉಸಿರಿಗೂ ಸಕ್ಕರೆಗೂ ಹಲ್ಲಿಗೂ ಸಂಬಂಧ ಇದೆಯೇ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಇದೆಯಮ್ಮಾ. ಮೂರನ್ನೂ ಜೋಡಿಸುವುದು ಜೊಲ್ಲು.

ನಾವು ತಿಂದದ್ದನ್ನು ದೇಹ ಶಕ್ತಿಯಾಗಿ ಬಳಸುವಾಗ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಬಹುಪಾಲು ಉಸಿರಿನಲ್ಲಿ ಹೊರಹೋಗುತ್ತದೆ. ಒಂದಿಷ್ಟನ್ನು ಜೊಲ್ಲುಗ್ರಂಥಿಗಳು ಬೈಕಾರ್ಬೊನೇಟ್ ಮಾಡಿಕೊಳ್ಳುತ್ತವೆ. ಬಾಯಿಯ ಆಮ್ಲವನ್ನು ತಣಿಸುವುದು ಅದೇ. ಸಿಹಿ ತಿಂದ ಕೆಲವೇ ನಿಮಿಷದಲ್ಲಿ ಹಲ್ಲಿನ ಮೇಲಿನ ಪಾಚಿ ಆಮ್ಲ ಬಿಡುತ್ತದೆ. ಪಿಎಚ್ ಎಂಬ ಅಳತೆ ಇಳಿದಷ್ಟೂ ಆಮ್ಲ ಹೆಚ್ಚು; ಅದು ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಕರಗತೊಡಗುತ್ತದೆ. ಮತ್ತೆ ಸರಿಹೋಗಲು ಅರ್ಧದಿಂದ ಒಂದು ಗಂಟೆ ಬೇಕು. ಜೊಲ್ಲು ಕಡಿಮೆಯಿದ್ದರೆ ಇನ್ನೂ ತಡ. ನಿದ್ದೆಯಲ್ಲಿ ಜೊಲ್ಲು ಊರುವುದೇ ಕಡಿಮೆ. ತೆರೆದ ಬಾಯಿಯ ಗಾಳಿ ಅದನ್ನೂ ಆರಿಸುತ್ತದೆ. ತುಟಿ ಮುಚ್ಚದ ಕಡೆ ಮೇಲಿನ ಮುಂದಿನ ವಸಡು ಮೊದಲು ಕೆಂಪಾಗುವುದು ಇದರಿಂದಲೇ.

ಪೆಪ್ಪರ್‌ಮಿಂಟನ್ನು ದಯವಿಟ್ಟು ಇವತ್ತೇ ಬಿಡಿಸಿ. ಈ ಪತ್ರದಲ್ಲಿ ನನಗೆ ಹೆಚ್ಚು ಕಳವಳ ತಂದದ್ದು ಅದು. ಒಂದರ ಹಿಂದೆ ಒಂದು ಚೀಪುತ್ತಾ ಹೋದರೆ ದಾರಿಯುದ್ದಕ್ಕೂ ಬಾಯಿ ಆಮ್ಲದಲ್ಲೇ ಇರುತ್ತದೆ, ರಕ್ತದ ಸಕ್ಕರೆಯೂ ಏರುತ್ತದೆ. ನೀರಿನ ಬಾಟಲಿ ಕೊಟ್ಟು ಕಳಿಸಿ. ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ ಅಗಿದರೆ ಜೊಲ್ಲೂ ಊರುತ್ತದೆ. ಸ್ಟೇಷನ್ನಿನ ಕಟಿಂಗ್ ಚಹಾ ಸಕ್ಕರೆಯಿಲ್ಲದೆ ಇರಲಿ.

ಸಕ್ಕರೆ ಹತೋಟಿ ತಪ್ಪಿದಾಗ ಮೂತ್ರ ಹೆಚ್ಚಿ ದೇಹವೂ ಬಾಯಿಯೂ ಒಣಗುತ್ತವೆ, ಸೋಂಕಿನೊಡನೆ ಕಾದಾಡುವ ಬಿಳಿ ರಕ್ತಕಣಗಳು ಸೋಲುತ್ತವೆ, ವಸಡು ಮಾಯುವುದು ನಿಧಾನವಾಗುತ್ತದೆ. ವಸಡಿನ ಊತ ತಿರುಗಿ ಸಕ್ಕರೆಯನ್ನೂ ಏರಿಸುತ್ತದೆ. ವಸಡಿನ ಆಳದವರೆಗೆ ಕ್ಲೀನಿಂಗ್ ಮಾಡಿಸಿಕೊಂಡ ಸಕ್ಕರೆ ಕಾಯಿಲೆಯವರಲ್ಲಿ ಮೂರು-ನಾಲ್ಕು ತಿಂಗಳಿಗೆ ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ, ಶೇಕಡಾವಾರು ಹೇಳುವ ರಕ್ತಪರೀಕ್ಷೆ) ಸರಾಸರಿ 0.4 ಅಂಶದಷ್ಟು ಇಳಿದಿರುವುದು ಕಂಡುಬಂದಿದೆ. ಹಾಗಾಗಿ ಕ್ಲೀನಿಂಗ್ ಮುಂದೂಡಬೇಡಿ. ಖರ್ಚಿನ ಚಿಂತೆಯಿದ್ದರೆ ಮುಂಬೈನ ಸಿಎಸ್‌ಎಂಟಿ ರೈಲು ನಿಲ್ದಾಣದ ಬಳಿಯ ಸರ್ಕಾರಿ ದಂತ ಕಾಲೇಜು ಅಥವಾ ಮುಂಬೈ ಸೆಂಟ್ರಲ್‌ನ ನಾಯರ್ ದಂತ ಕಾಲೇಜಿಗೆ ಹೋಗಬಹುದು. ರಾತ್ರಿ ಫ್ಲೋರೈಡ್ ಪೇಸ್ಟಿನಲ್ಲಿ ಉಜ್ಜಿದ ಮೇಲೆ ಉಗುಳಿದರೆ ಸಾಕು, ಬಾಯಿ ಮುಕ್ಕಳಿಸುವುದು ಬೇಡ.

ಬಾಯಿಗೆ ಪಟ್ಟಿ ಅಂಟಿಸಿ ಮಲಗುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಗೊರಕೆಯ ನಡುವೆ ಅವರ ಉಸಿರು ನಿಂತು ಮತ್ತೆ ಎಳೆದುಕೊಳ್ಳುತ್ತದೆಯೇ ಎಂದು ನಾಲ್ಕು ರಾತ್ರಿ ಗಮನಿಸಿ, ಅದನ್ನು ಕಿವಿ-ಮೂಗು-ಗಂಟಲು ವೈದ್ಯರಿಗೆ ಹೇಳಿ. ಮೂಗು ಕಟ್ಟುವುದಕ್ಕೆ ಅಲರ್ಜಿ ಮಾತ್ರೆ ನುಂಗುತ್ತಿದ್ದರೆ ಅದನ್ನೂ ತಿಳಿಸಿ. ಅಂಥ ಕೆಲವು ಮಾತ್ರೆಗಳೇ ಬಾಯಿ ಒಣಗಿಸುತ್ತವೆ.

ಮಗನನ್ನೂ ಅದೇ ದಿನ ತೋರಿಸಿ. ಈ ವಯಸ್ಸಿನಲ್ಲಿ ಮೂಗಿನ ಹಿಂದಿನ ಅಡಿನಾಯ್ಡ್ ಎಂಬ ಮೆತ್ತನೆಯ ಅಂಗಾಂಶ ಊದಿರುವುದು ಸಾಮಾನ್ಯ. ಬಾಯಲ್ಲಿ ಉಸಿರಾಡುವ ಮಗುವಿನ ನಾಲಿಗೆ ಅಂಗುಳ ಬಿಟ್ಟು ಕೆಳಗಿಳಿಯುತ್ತದೆ, ಮೇಲ್ದವಡೆ ಕಿರಿದಾಗಿ ಹಲ್ಲುಗಳು ಒತ್ತೊತ್ತಾಗಿ ಬರಬಹುದು. ಅವನ ದವಡೆ ಇನ್ನೂ ಬೆಳೆಯುತ್ತಿದೆ, ಈಗ ಹೋದರೆ ತಡವಾಗಿಲ್ಲ.