ಕಾಯಂ ಬೋಧಕ ಹುದ್ದೆ ಸಿಗದಿದ್ದರೆ ಕೇಂದ್ರ ಬ್ಯಾಂಕಿನ ದಾರಿ ಮುಚ್ಚಿತೇ?

ಕಾಯಂ ಉಪನ್ಯಾಸಕ ಹುದ್ದೆ ಕೈತಪ್ಪಿದ ಮೇಲೆ, ಅಮೆರಿಕದ ಕೇಂದ್ರ ಬ್ಯಾಂಕಿನ ಅಧ್ಯಕ್ಷೆಯಾಗಿದ್ದ ಜಾನೆಟ್ ಯೆಲೆನ್ ಅವರಂತೆ ಕೇಂದ್ರ ಬ್ಯಾಂಕನ್ನು ಮುನ್ನಡೆಸುವ ಕನಸನ್ನು ಬಿಡಬೇಕೇ ಎಂದು ಕೇಳಿದ್ದೀರಿ. ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿ ಅತಿಥಿ ಉಪನ್ಯಾಸಕಿಯಾಗಿದ್ದಾಗ ನಾನೂ ಇದೇ ಪ್ರಶ್ನೆಯನ್ನು ಹೊತ್ತು ತಿರುಗಿದವಳು.

ನನ್ನ 26ನೇ ವಯಸ್ಸಿನಲ್ಲಿ ಒಂದು ಬ್ಯಾಂಕಿನ ಸಂಶೋಧನಾ ವಿಭಾಗದಿಂದ ನೇಮಕಾತಿ ಪತ್ರ ಬಂದಿತ್ತು. 30 ದಿನಗಳೊಳಗೆ ಸೇರಬೇಕಿತ್ತು; ನಾನು ಸೇರಲಿಲ್ಲ. ಮನೆಯವರು ತಡೆದರೆಂದು ಬಹಳ ವರ್ಷ ಹೇಳಿಕೊಂಡು ಬಂದೆ. ಅದು ನಿಜವಲ್ಲ, ಅಪ್ಪ ಮುಂಬೈಗೆ ರೈಲಿನ ಟಿಕೆಟ್ಟನ್ನೂ ತಂದಿಟ್ಟಿದ್ದರು. ಪಾಠ ಹೇಳುವವರಷ್ಟೇ ಅರ್ಥಶಾಸ್ತ್ರಜ್ಞರು, ಬೆಲೆಯೇರಿಕೆಯ ಕೋಷ್ಟಕ ತುಂಬುವವರು ಗುಮಾಸ್ತರು ಎಂದು ನಾನೇ ನಂಬಿದ್ದೆ. ಮುಂದಿನ ವರ್ಷ ಕಾಯಂ ಆದೀತೆಂಬ ಮಾತನ್ನು ನೆಚ್ಚಿ, ತಾಸಿನ ಲೆಕ್ಕದ ಸಂಬಳಕ್ಕೆ ಐದು ವರ್ಷ ದುಡಿದೆ. ಕಾಯಂ ಆಗಲಿಲ್ಲ, ಅಷ್ಟರಲ್ಲಿ ಆ ಹುದ್ದೆಯ ವಯೋಮಿತಿಯೂ ಮೀರಿತ್ತು. ನೇಮಕಾತಿ ಪತ್ರದ ಕಂದು ಲಕೋಟೆ ಇಂದಿಗೂ ಬೀರುವಿನಲ್ಲಿ ಅಂಕಪಟ್ಟಿಗಳ ಕೆಳಗಿದೆ. ಸೇರಬೇಕಾದ ದಿನಾಂಕಕ್ಕೆ ನಾನೇ ಎಳೆದ ಕೆಂಪು ಗೆರೆ ಇನ್ನೂ ಮಾಸಿಲ್ಲ.

ಯೆಲೆನ್ ಅವರ ಬದುಕಿನ ವಿವರವನ್ನು ನಾನು ಓದಿದ್ದು ಅದೆಲ್ಲ ಮುಗಿದ ಮೇಲೆ. 1971ರಲ್ಲಿ ಯೇಲ್‌ನಿಂದ ಪಿಎಚ್‌ಡಿ ಪಡೆದು ಹಾರ್ವರ್ಡ್‌ನಲ್ಲಿ ಪಾಠ ಹೇಳಿದ ಅವರಿಗೂ ಅಲ್ಲಿ ಕಾಯಂ ಹುದ್ದೆ ದಕ್ಕಲಿಲ್ಲ. 1977ರಲ್ಲಿ ಅವರು ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಸಂಶೋಧನಾ ಸಿಬ್ಬಂದಿಯಾಗಿ ಸೇರಿದರು, ಅಂದರೆ ನಾನು ಗುಮಾಸ್ತಿಕೆ ಎಂದು ತಿರಸ್ಕರಿಸಿದಂಥ ಕೆಲಸಕ್ಕೇ. ಅಲ್ಲಿನ ಊಟದ ಮನೆಯಲ್ಲಿ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ ಅವರ ಪರಿಚಯವಾಯಿತು. ಮದುವೆಯಾದ ಆ ಇಬ್ಬರೂ, ಮಾಲೀಕರು ಮಾರುಕಟ್ಟೆ ದರಕ್ಕಿಂತ ಹೆಚ್ಚು ಕೂಲಿ ಕೊಡುವುದೇಕೆ, ನಿರುದ್ಯೋಗ ಉಳಿಯುವುದೇಕೆ ಎಂಬುದರ ಮೇಲೆ ಜೊತೆಯಾಗಿ ಬರೆದರು. 2014ರಲ್ಲಿ ಯೆಲೆನ್ ಆ ಬ್ಯಾಂಕಿನ ಅಧ್ಯಕ್ಷರಾದಾಗ ಅಮೆರಿಕದ ನಿರುದ್ಯೋಗ ಶೇ 6.7ರ ಆಸುಪಾಸಿನಲ್ಲಿತ್ತು, ಇಳಿದಾಗ ಶೇ 4.1. ಆದರೂ ಎರಡನೇ ಅವಧಿ ಸಿಗಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಮುಖ್ಯಸ್ಥರನ್ನು ಆರಿಸುವುದು ಸರ್ಕಾರ. ಅದು ಗುರಿಯಿಟ್ಟು ದುಡಿದರೆ ದಕ್ಕುವ ಹುದ್ದೆಯಲ್ಲ. 1935ರಲ್ಲಿ ಆರಂಭವಾದ ನಮ್ಮ ರಿಸರ್ವ್ ಬ್ಯಾಂಕಿಗೆ ಈವರೆಗೆ ಮಹಿಳಾ ಗವರ್ನರ್ ಬಂದಿಲ್ಲ. ಆದರೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದ ಶ್ಯಾಮಲಾ ಗೋಪಿನಾಥ್ ಅದೇ ಬ್ಯಾಂಕಿನೊಳಗೆ ದುಡಿಯುತ್ತ 2004ರಲ್ಲಿ ಡೆಪ್ಯೂಟಿ ಗವರ್ನರ್ ಆದರು. ಕಾಲೇಜಿನ ಕಾಯಮಾತಿಗಾಗಿ ಇನ್ನೊಂದು ವರ್ಷ ಕಾಯಬೇಡಿ. ಪಿಎಚ್‌ಡಿಯನ್ನು ಕೆಲಸದಲ್ಲಿದ್ದುಕೊಂಡೂ ಮಾಡಬಹುದು. ಬ್ಯಾಂಕಿನ ಈ ಸಲದ ನೇಮಕಾತಿ ಅಧಿಸೂಚನೆಗೆ ಅರ್ಜಿ ಹಾಕಿ, ಪತ್ರ ಬಂದರೆ ಸೇರುವ ದಿನಾಂಕವನ್ನು ಮೊದಲು ನೋಡಿ, ಅಂದೇ ಟಿಕೆಟ್ ಮಾಡಿಸಿ.